ಚರ್ಚಿನ ಹಿಂದಿನ ಕೋಣೆ ಯಾರಿಗೆ

ಆತನನ್ನು ಎಲ್ಲರೂ ಕರೆಯುತ್ತಿದ್ದುದು ರೇಡಿಯೊ ಎಂದು. ಕತ್ತರಿ ನಿಂತರೂ ಬಾಯಿ ನಿಲ್ಲದು. ಎರಡೇ ಕುರ್ಚಿಯ ಅವನ ಕಟಿಂಗ್ ಶಾಪಿಗೆ ಹೋದವರಿಗೆ ತಲೆ ಹಗುರಾಗುತ್ತಿತ್ತು, ಕಿವಿ ಭಾರವಾಗುತ್ತಿತ್ತು. ಆದರೂ ಜನಕ್ಕೆ ಅವನೇ ಬೇಕು. ಹಾಸಿಗೆ ಹಿಡಿದವರ ಮನೆಗೆ ತಾನೇ ಹೋಗಿ, ಗಡ್ಡ ತೆಗೆದು, ನಗಿಸಿ ಬರುವ ಮನುಷ್ಯ. ಚರ್ಚಿನ ಸಮಿತಿಗೆ ಆರಿಸಿದ್ದೂ ಅದಕ್ಕೇ.

ಆ ವರ್ಷ ಚರ್ಚಿನ ಹಿಂದಿನ ಕೋಣೆ ಖಾಲಿಯಾಯಿತು. ರೇಡಿಯೊ ಹಾಡುವ ತಂಡದಲ್ಲಿದ್ದ. ಕೋಣೆ ಅಭ್ಯಾಸಕ್ಕೇ ಸಿಗಬೇಕೆಂದು ಹಟ ಹಿಡಿದ. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ಅವನ ಅತ್ತಿಗೆಯೂ ಸಮಿತಿಯಲ್ಲಿದ್ದಳು. ಜೊತೆಯ ತಾಯಂದಿರು ಎರಡೂ ಪಾಳಿಯಲ್ಲಿ ದುಡಿಯುವವರು. ಅವರ ಮಕ್ಕಳನ್ನು ನೋಡಿಕೊಳ್ಳಲು ಆ ಕೋಣೆ ಆಗಲಿ ಎಂದು ಅವಳು ಒಮ್ಮೆ ಹೇಳಿ ಸುಮ್ಮನಾದಳು.

ರೇಡಿಯೊ ಸುಮ್ಮನಾಗುವ ಪೈಕಿಯಲ್ಲ. ಸಮಿತಿಯ ಗಂಡಸರೆಲ್ಲ ಅವನಿಗೇ ತಲೆ ಕೊಡುವವರು. ಕೊರಳಿಗೆ ಬಿಳಿ ಬಟ್ಟೆ ಬಿಗಿದು, ಕಿವಿಯ ಪಕ್ಕ ಕತ್ತಿ ಹಿಡಿದು ವಿಷಯ ತೆಗೆಯುತ್ತಿದ್ದ. ಯಾರು ಬೇಡ ಅಂದಾರು?

ಸಭೆಯಲ್ಲಿ ಪಾಸ್ಟರ್ ಕೈ ಎತ್ತಿಸಲೇ ಇಲ್ಲ. ನಮಗೇನು ಬೇಕೋ ನಮಗೆ ಗೊತ್ತು, ದೇವರ ಚಿತ್ತವೇನೆಂದು ಯಾರೂ ಕೇಳಿಲ್ಲ. ಮೊದಲು ಮೌನವಾಗಿ ಕೇಳೋಣ, ಆಮೇಲೆ ಒಬ್ಬೊಬ್ಬರಾಗಿ ಮಾತಾಡೋಣ ಎಂದರು.

ರೇಡಿಯೊಗೆ ಪೀಕಲಾಟ. ಕಣ್ಣು ಮುಚ್ಚಿದ. ಪಕ್ಕದಲ್ಲಿದ್ದ ಬಡಗಿಯ ಹೊಟ್ಟೆ ಗುರ್ರೆಂದಿತು, ನಗು ನುಂಗಿಕೊಂಡ. ಕರ್ತನೇ, ಕೋಣೆ ಕೊಡಿಸು ಎಂದು ಶುರು ಮಾಡಿದ. ಯಾಕೋ ಪ್ರಾರ್ಥನೆ ಮುಂದಕ್ಕೆ ಹೋಗಲಿಲ್ಲ. ಹೌದು ಎಂದವರ ಮುಖಗಳು ಒಂದೊಂದಾಗಿ ಕಣ್ಣಿಗೆ ಕಟ್ಟಿದವು. ಎಲ್ಲವೂ ಅವನ ಕನ್ನಡಿಯಲ್ಲಿ, ಅಲುಗಾಡಲೂ ಹೆದರಿ ಕೂತಿದ್ದ ಮುಖಗಳೇ. ಅತ್ತಿಗೆಯನ್ನಂತೂ ತಾನು ಏನೂ ಕೇಳಿರಲಿಲ್ಲ.

ಅವನ ಸರದಿ ಬಂತು. "ನಾನು ಎಲ್ಲರ ಹತ್ರ ಹೌದು ಅನ್ನಿಸ್ಕೊಂಡಿದ್ದೆ. ಕತ್ತಿ ಹಿಡ್ಕೊಂಡು ಕೇಳಿದ್ದು ಲೆಕ್ಕಕ್ಕಿಲ್ಲ, ಬಿಟ್ಬಿಡಿ" ಎಂದು ಅತ್ತಿಗೆಯ ಕಡೆ ತಿರುಗಿದ. "ಆ ಮಕ್ಕಳು ಈಗ ಎಲ್ಲಿರ್ತಾರೆ ಅತ್ತಿಗೆ?"

"ಒಬ್ಬಳು ಚಿಕ್ಕದನ್ನ ದೊಡ್ಡದರ ಕೈಗೆ ಕೊಟ್ಟು, ಹೊರಗಿಂದ ಬೀಗ ಹಾಕ್ಕೊಂಡು ಬರ್ತಾಳಪ್ಪ. ದೊಡ್ಡದು ಅಂದ್ರೆ ಐದು ವರ್ಷದ್ದು. ಹೊಲೀತಾ ಹೊಲೀತಾ ಬೀಗದ ಕೈ ಮುಟ್ಟಿ ನೋಡ್ಕೋತಾಳೆ."

ಒಬ್ಬೊಬ್ಬರಾಗಿ ಎಲ್ಲರೂ ಕೋಣೆ ಮಕ್ಕಳಿಗೇ ಆಗಲಿ ಎಂದರು.

ಬಡಗಿ ಮಾತ್ರ ಒಪ್ಪಲಿಲ್ಲ. ಮಕ್ಕಳಿಗೆ ಏನಾದರೂ ಆದರೆ ಜವಾಬ್ದಾರಿ ಯಾರದು ಎಂದ. ಪಾಸ್ಟರ್ ಅವಸರ ಮಾಡಲಿಲ್ಲ. ಒಬ್ಬರ ಮನಸ್ಸು ತಡೆಯುತ್ತಿದ್ದರೂ ಕಾಯೋಣ, ಒಂದು ವಾರ ಮನೆಯಲ್ಲಿ ಪ್ರಾರ್ಥಿಸಿ ಬನ್ನಿ ಎಂದು ಕಳಿಸಿದರು. ಆ ವಾರ ರೇಡಿಯೊ ಅಂಗಡಿಯಲ್ಲಿ ಕೋಣೆಯ ಸುದ್ದಿ ಎತ್ತಲಿಲ್ಲ. ಬಡಗಿಯೇ ಗಡ್ಡಕ್ಕೆಂದು ಬಂದು ಕೂತಾಗಲೂ ತುಟಿ ಕಚ್ಚಿಕೊಂಡು ಕೆಲಸ ಮುಗಿಸಿದ. ಆರೋಗ್ಯ ಸರಿಯಿಲ್ಲವೇ ಎಂದು ಬಡಗಿ ವಿಚಾರಿಸಿಕೊಂಡು ಹೋದ.

ಮುಂದಿನ ಸಭೆಗೆ ಬಡಗಿ ಅಳತೆಯ ಟೇಪು ಹಿಡಿದೇ ಬಂದ. ಹೊಸ್ತಿಲಿಗೆ ಮಕ್ಕಳು ದಾಟದಂಥ ಗೇಟು ತಾನೇ ಮಾಡಿಕೊಡುವೆನೆಂದ. ನೋಡಿಕೊಳ್ಳಲು ಇಬ್ಬರು ಅಜ್ಜಿಯರು ಒಪ್ಪಿದ್ದರು. ಬೇಡ ಎನ್ನುವವರು ಉಳಿಯಲಿಲ್ಲ.

ಹಾಡುವ ತಂಡಕ್ಕೆ ಸಿಕ್ಕಿದ್ದು ಗಂಟೆಗೋಪುರದ ಕೆಳಗಿನ ಇಕ್ಕಟ್ಟು ಜಾಗ. ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ. ಮನೆಯಲ್ಲಿ ರೇಡಿಯೊ ಗೊಣಗಿದ.

"ಅದನ್ನೂ ದೇವರ ಹತ್ರಾನೇ ಹೇಳ್ಕೊಳ್ಳಿ" ಎಂದಳು ಹೆಂಡತಿ. "ನಂಗೆ ಅಡುಗೆ ಕೆಲಸ ಇದೆ."