ಮೂರನೇ ಸಾಲಿನವರೆಗೆ ಓದುವ ಪ್ರಫುಲ್ಲಕ್ಕ

ಬೆಳಗಿನ ಐದು ಗಂಟೆ. ಮುಂಬಯಿ ಬಳಿಯ ಡೊಂಬಿವಲಿ ಪೂರ್ವದ ಹಳೆಯ ವಸತಿ ಸೊಸೈಟಿಯೊಂದರ ಎರಡನೇ ಮಾಳಿಗೆಯಲ್ಲಿ ಇನ್ನೂ ನಲ್ಲಿಗೆ ನೀರು ಬಂದಿಲ್ಲ, ಕುಕ್ಕರ್ ಕೂಗಿಲ್ಲ. ಪ್ರಫುಲ್ಲಾ ಕರ್ಕೇರ ಮಾತ್ರ ಮುಖ ತೊಳೆದು, ಕನ್ನಡಕ ಏರಿಸಿ, ಅಡುಗೆಮನೆಯ ಬಾಗಿಲ ಪಕ್ಕದ ಕಂಪ್ಯೂಟರಿನ ಮುಂದೆ ಕುಳಿತಾಗಿದೆ. ಒಂದು ಕೈಯಲ್ಲಿ ಚಹಾ, ಇನ್ನೊಂದು ಕೈ ಮೌಸಿನ ಮೇಲೆ. ಪರದೆಯಲ್ಲಿ ನಿನ್ನೆ ಸಂಜೆಯಿಂದ ಬಂದು ಬಿದ್ದ ನೂರಾ ನಲವತ್ಮೂರು ಪತ್ರಗಳಿವೆ. ತೂಕ ಇಳಿಸುವ ಮಾತ್ರೆ, ಆಡದೇ ಗೆದ್ದ ಲಾಟರಿ, ಅಗ್ಗದ ಕೈಗಡಿಯಾರ, ಬಾಯಿಬಿಟ್ಟು ಹೇಳಲಾಗದ ಜಾಹೀರಾತುಗಳು. ಏಳು ಗಂಟೆ ಎಂಟು ನಿಮಿಷದ ಲೋಕಲ್ ರೈಲು ಹಿಡಿಯುವುದರೊಳಗೆ ಇಷ್ಟನ್ನೂ ಜಾಲಿಸಿ ಮುಗಿಸಬೇಕು.

ಹಾಲ್‌ನಲ್ಲಿ ಮುಸುಕು ಹೊದ್ದ ಮಗಳು ನಿಶ್ಮಿತಾ, ಎಲ್ಲವನ್ನೂ ಒಟ್ಟಿಗೆ ಅಳಿಸಬಾರದೇ ಎಂದು ಅಲ್ಲಿಂದಲೇ ಹಿಂದಿಯಲ್ಲಿ ಗೊಣಗುತ್ತಾಳೆ: "ಮಮ್ಮೀ, ಸಬ್ ಸಿಲೆಕ್ಟ್ ಕರ್ಕೆ ಡಿಲೀಟ್ ಮಾರ್ ನಾ! ಕಿತನಾ ಪಢತೀ ಹೈ!"

"ನೀನು ಮಲಗು ಮಾರಾಯ್ತಿ," ಎನ್ನುತ್ತಾರೆ ತಾಯಿ, ಪರದೆಯಿಂದ ಕಣ್ಣು ತೆಗೆಯದೆ. "ಇದರೊಳಗೆ ನಾಲ್ಕು ಜನ ಇದ್ದಾರೆ. ಅವರು ಸಿಕ್ಕುವವರೆಗೆ ನಾನು ಏಳುವುದಿಲ್ಲ."

ಪ್ರಫುಲ್ಲಕ್ಕನ ಈ ಕೆಲಸಕ್ಕೆ ಸಂಬಳವಿಲ್ಲ, ಶಾಲು ಹೊದೆಸಿದವರೂ ಇಲ್ಲ. ಠಾಣೆ, ಕಲ್ಯಾಣ, ನವಿ ಮುಂಬಯಿಯ ಕನ್ನಡಿಗರಿಗೆಂದು ೨೦೦೩ರಲ್ಲಿ ಶುರುವಾದ 'ಕಲ್ಯಾಣ್ ಲೈನ್ ಕನ್ನಡ ಬಳಗ' ಎಂಬ ಮೇಲಿಂಗ್ ಲಿಸ್ಟಿನ ಬಾಗಿಲು ಕಾಯುವವರು ಅವರು. ಒಂದು ವಿಳಾಸಕ್ಕೆ ಪತ್ರ ಹಾಕಿದರೆ ಸಾವಿರದ ಎಂಟುನೂರು ಸದಸ್ಯರ ಪೆಟ್ಟಿಗೆಗೂ ಅದು ತಲುಪುತ್ತದೆ. ರಕ್ತ ಬೇಕು, ರೂಮ್ ಬೇಕು, ಅಡುಗೆಭಟ್ಟರು ಬೇಕು, ಊರಿಗೆ ಹೋಗುವ ಬಸ್ಸಿನಲ್ಲಿ ಒಂದು ಸೀಟು ಖಾಲಿ ಉಂಟು, ಇಂಥವರು ತೀರಿಕೊಂಡರು. ಬಳಗದ ಮೊದಲ ನಿಯಮವೇ ಬರೆಯಲು ಸದಸ್ಯರಾಗಿರಬೇಕಿಲ್ಲ ಎಂಬುದು. ಆ ಉದಾರ ನಿಯಮದಿಂದಾಗಿಯೇ ಜಗತ್ತಿನ ಕಸವೆಲ್ಲ ಇಲ್ಲಿಗೂ ಬರುತ್ತದೆ. ಹೊರಗಿನವರ ಪತ್ರಗಳು ನೇರ ಒಳಗೆ ಹೋಗದೆ ಸಾಲಿನಲ್ಲಿ ಕಾಯುತ್ತವೆ. ಪ್ರಫುಲ್ಲಕ್ಕ ಒಪ್ಪಿದರೆ ಒಳಗೆ, ಇಲ್ಲದಿದ್ದರೆ ಕಸದ ಬುಟ್ಟಿಗೆ.

ಉಡುಪಿ ಕಡೆಯಿಂದ ಮದುವೆಯಾಗಿ ಬಂದವರು, ರಬಾಳೆಯ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಹದಿನಾರು ವರ್ಷಗಳಿಂದ ಗುಮಾಸ್ತೆ. ಕಂಪ್ಯೂಟರನ್ನು ಯಾವ ಕ್ಲಾಸಿಗೂ ಹೋಗಿ ಕಲಿತವರಲ್ಲ. "ಸ್ಟೋರ್ಸ್‌ನಲ್ಲಿ ಎಂತ ಮಾಡುವುದು? ಬಂದ ಮಾಲು ನೋಡುವುದು, ಒಳ್ಳೆದನ್ನು ಒಳಗೆ ತೆಗೊಳ್ಳುವುದು, ಹಾಳಾದ್ದನ್ನು ವಾಪಸ್ ಕಳಿಸುವುದು. ಇದೂ ಅಷ್ಟೇ," ಎಂದು ನಗುತ್ತಾರೆ. ಅರ್ಧ ಕಸವನ್ನು ಯಂತ್ರವೇ ಗುರುತು ಹಾಕಿ ಕೊಡುತ್ತದೆ. ಆದರೆ ಅವರಿಗೆ ಯಂತ್ರದ ಮೇಲೆ ನಂಬಿಕೆ ಅಷ್ಟಕ್ಕಷ್ಟೆ. ಅವರ ಪರೀಕ್ಷೆ ಬೇರೆಯೇ.

ಈ ರೈಲು ಲೈನಿನ ಯಾವ ಮನುಷ್ಯನೂ ವಿಳಾಸ ಹೇಳುವಾಗ ಸ್ಟೇಷನ್ನಿನ ಪೂರ್ವವೋ ಪಶ್ಚಿಮವೋ ಎಂದು ಹೇಳದೆ ಬಿಡುವುದಿಲ್ಲ. ಎಷ್ಟೇ ಗಾಬರಿಯಲ್ಲಿ ಬರೆದ ಪತ್ರವಾದರೂ ಎಲ್ಲೋ ಒಂದು ಕಡೆ 'ಕಲ್ಯಾಣ ಪಶ್ಚಿಮ' ಎಂದು ಇದ್ದೇ ಇರುತ್ತದೆ. ಲಾಟರಿಯವನಿಗೆ ಅದು ಗೊತ್ತಿಲ್ಲ. ಅನುಮಾನ ಬಂದ ಪತ್ರಕ್ಕೆ ಪ್ರಫುಲ್ಲಕ್ಕ ಒಂದೇ ಸಾಲಿನ ಮರುಪತ್ರ ಕಳಿಸುತ್ತಾರೆ: ನಿಮ್ಮದು ಯಾವ ಸ್ಟೇಷನ್, ಪೂರ್ವವೋ ಪಶ್ಚಿಮವೋ? ಕಸವಾದರೆ ಉತ್ತರವಿಲ್ಲ. ಮನುಷ್ಯರಾದರೆ ಪೂರ್ವ ಎಂದಷ್ಟೇ ಹೇಳಿ ಸುಮ್ಮನಾಗುವುದಿಲ್ಲ, ಮಾರ್ಕೆಟ್ಟಿನ ಹಿಂದೆ, ಹಿಟ್ಟಿನ ಗಿರಣಿಯ ಮೇಲೆ, ಲಿಫ್ಟ್ ಇಲ್ಲ, ಮಂಡಿನೋವು ಎಂದು ಪುಟಗಟ್ಟಲೆ ಬರೆಯುತ್ತಾರೆ.

ಈ ಪರೀಕ್ಷೆ ಹುಟ್ಟಿದ್ದು ಒಂದು ತಪ್ಪಿನಿಂದ. ಅದನ್ನು ಹೇಳುವಾಗ ಅವರ ನಗು ನಿಲ್ಲುತ್ತದೆ.

೨೦೦೭ರ ಮಾತು. ಗಂಡ ಸತ್ತಿದ್ದಾನೆ, ಬ್ಯಾಂಕಿನಲ್ಲಿ ಕೋಟಿಗಟ್ಟಲೆ ಇದೆ, ಬಿಡಿಸಿಕೊಳ್ಳಲು ಸಹಾಯ ಮಾಡಿ ಎಂದು ಇಂಗ್ಲಿಷಿನಲ್ಲಿ ಗೋಳಾಡುವ ಸುಳ್ಳು ವಿಧವೆಯರ ಪತ್ರಗಳು ಆಗ ದಿನಕ್ಕೆ ಹತ್ತಾದರೂ ಬರುತ್ತಿದ್ದವು. ಒಂದು ಬೆಳಿಗ್ಗೆ ಅಂಥ ಹನ್ನೊಂದನೆಯದು ಬಂತು. 'ಪ್ರಿಯ ಸ್ನೇಹಿತರೇ, ನಾನು ವಿಧವೆ. ನಿಮ್ಮ ತುರ್ತು ಸಹಾಯ ಬೇಕು' ಎಂದು ಇಂಗ್ಲಿಷಿನಲ್ಲಿ, ದಪ್ಪಕ್ಷರಗಳಲ್ಲಿ. ಎರಡು ಸಾಲು ಓದಿದ ಪ್ರಫುಲ್ಲಕ್ಕ ಉಳಿದ ಹತ್ತರ ಜೊತೆ ಅದನ್ನೂ ಬುಟ್ಟಿಗೆ ಹಾಕಿ ರೈಲಿಗೆ ಓಡಿದರು.

ಎರಡು ವಾರದ ಮೇಲೆ ರಬಾಳೆಯ ಮಾಪಣ್ಣ ಎಂಬ ಸದಸ್ಯರು ಬಳಗಕ್ಕೆ ಬರೆದರು: ಅಣ್ಣ ತೀರಿಕೊಂಡನಂತೆ, ಊರಿನವರೊಬ್ಬರಿಂದ ಈಗ ತಿಳಿಯಿತು. ಅತ್ತಿಗೆ ಈ ಲಿಸ್ಟಿಗೇ ಪತ್ರ ಹಾಕಿದ್ದರಂತೆ. ದಿನಾ ಓದುವ ನನ್ನ ಕಣ್ಣಿಗೆ ಅದು ಯಾಕೆ ಬೀಳಲಿಲ್ಲ? ಪ್ರಫುಲ್ಲಕ್ಕ ಬುಟ್ಟಿಯನ್ನು ಕೆದಕಿದರು. ಪತ್ರ ಅಲ್ಲೇ ಇತ್ತು. ಮೂರನೇ ಸಾಲಿನಲ್ಲಿ 'ಅಂಬರನಾಥ ಪೂರ್ವ' ಎಂದಿತ್ತು.

ಬರೆಸಿದವರು ಕಲಬುರಗಿ ಕಡೆಯ ಶರಣಬಸಮ್ಮ. ಮೈದುನ ಮಾಪಣ್ಣ ಮನೆ ಬದಲಿಸಿ ಫೋನ್ ನಂಬರೂ ಬದಲಿಸಿದ್ದರು, ಅಣ್ಣತಮ್ಮಂದಿರಿಗೆ ಎರಡು ವರ್ಷಗಳಿಂದ ಮಾತಿರಲಿಲ್ಲ. ತಮ್ಮ ಆಫೀಸಿನಲ್ಲಿ ಕೂತು ಕನ್ನಡದವರ ಪತ್ರ ಓದುತ್ತಾನೆ ಎಂದು ಗಂಡ ಹೇಳುತ್ತಿದ್ದುದೊಂದೇ ಆಕೆಗೆ ನೆನಪಿದ್ದ ದಾರಿ. ಸೈಬರ್ ಕೆಫೆಯವನು ತನಗೆ ತೋಚಿದ ಇಂಗ್ಲಿಷಿನಲ್ಲಿ ಬರೆದುಕೊಟ್ಟ. ಅಣ್ಣನ ಉತ್ತರಕ್ರಿಯೆ ತಮ್ಮನಿಲ್ಲದೆ ಮುಗಿದುಹೋಯಿತು.

ಪ್ರಫುಲ್ಲಕ್ಕ ಮರುದಿನವೇ ರಜೆ ಹಾಕಿ ಅಂಬರನಾಥಕ್ಕೆ ಹೋದರು. "ಬೈದಿದ್ದರೆ ಸುಲಭ ಆಗ್ತಿತ್ತು. ಅವರು ಕೂರಿಸಿ ಚಹಾ ಕೊಟ್ಟರು. ಅವತ್ತಿಂದ ಒಂದು ಪತ್ರವನ್ನೂ ಮೂರನೇ ಸಾಲು ಓದದೆ ತೆಗೆದವಳಲ್ಲ ನಾನು," ಎನ್ನುತ್ತಾರೆ. ಆ ಪತ್ರದ ಪ್ರಿಂಟು ಈಗಲೂ ಕಂಪ್ಯೂಟರ್ ಮೇಜಿನ ಡ್ರಾವರಿನಲ್ಲಿದೆ.

ಈ ಮಾರ್ಚಿನಲ್ಲಿ ಬಾಗಿಲಿಗೇ ಕುತ್ತು ಬಂತು. ಪ್ರಫುಲ್ಲಕ್ಕ ಜ್ವರದಿಂದ ಮಲಗಿದ ಎರಡು ದಿನ ಬೇರೊಬ್ಬರು ಸಾಲಿನಲ್ಲಿದ್ದ ಪತ್ರಗಳನ್ನು ನೋಡಿದರು. ಆ ಎರಡು ದಿನದಲ್ಲಿ ಅಶ್ಲೀಲ ಜಾಹೀರಾತೊಂದು ನುಸುಳಿ ಸಾವಿರದ ಎಂಟುನೂರು ಮನೆಗಳನ್ನೂ ಹೊಕ್ಕಿತು. ಠಾಣೆಯಲ್ಲಿ ಹೋಟೆಲ್ ನಡೆಸುವ, ಬಳಗದ ಅಧ್ಯಕ್ಷ ಕಮಲಾಕ್ಷ ಕೆಂಡಾಮಂಡಲವಾದರು. ಹೊಸ ಸೊಸೆಯ ಎದುರು ಪೆಟ್ಟಿಗೆ ತೆರೆದಿದ್ದರಂತೆ, ಪಾಪ. ಇನ್ನು ಸದಸ್ಯರಲ್ಲದವರು ಬರೆಯುವಂತಿಲ್ಲ, ಬಾಗಿಲು ಮುಚ್ಚಿ ಎಂದು ಪಟ್ಟು ಹಿಡಿದರು. ಪ್ರಫುಲ್ಲಕ್ಕ ಒಂದು ತಿಂಗಳ ಗಡುವು ಕೇಳಿದರು. ಒಂದು ಕಸ ಒಳಬಂದರೂ, ಒಬ್ಬ ಮನುಷ್ಯ ಹೊರಗುಳಿದರೂ ತಾವೇ ಬಾಗಿಲು ಮುಚ್ಚಿ ಕೀಲಿಕೈ ಕೊಡುವುದಾಗಿ ಮಾತು ಕೊಟ್ಟರು. ಆ ತಿಂಗಳಲ್ಲಿ ನಾಲ್ಕು ಸಾವಿರದ ಇನ್ನೂರು ಪತ್ರ ಬಂದವು. ಒಂದು ಕಸವೂ ಒಳಗೆ ಹೋಗಲಿಲ್ಲ. ನೂರಾ ಎಂಟು ಮನುಷ್ಯರು ಒಳಗೆ ಬಂದರು.

ಕಳೆದ ಭಾನುವಾರ ಡೊಂಬಿವಲಿಯಲ್ಲಿ ಸಭೆ. ಆದರೂ ಕಮಲಾಕ್ಷರಿಗೆ ಸಮಾಧಾನವಿಲ್ಲ. "ಪ್ರಫುಲ್ಲಕ್ಕ, ನಿಮ್ಮ ಮೇಲೆ ದೂರಿಲ್ಲ. ಆದ್ರೆ ನೀವು ಎಷ್ಟು ದಿನ ಅಂತ ಹೀಗೆ ಕೂರ್ತೀರಿ? ಬೇಕಾದವರು ಮೆಂಬರ್ ಆಗ್ಲಿ. ಅದರಲ್ಲಿ ಎಂತ ಕಷ್ಟ ಉಂಟು?"

ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ನಿಂತರು. ಶರಣಬಸಮ್ಮ. ಮಾಪಣ್ಣ ಕರೆತಂದಿದ್ದರು.

"ಗಂಡ ಸತ್ತ ದಿವಸ ಯಾರರ ಮೆಂಬರ್ ಆಗಾಕ ಹೋಗತಾರೇನ್ರೀ?" ಎಂದರು. "ನನ್ನ ಪತ್ರ ಅಳಿಸಿದ್ದು ಈ ಅಕ್ಕಾರೇ, ಖರೆ ಐತಿ. ಆದ್ರ ಬಾಗಲಾ ತೆರದಿತ್ತು ಅಂತ ನಾ ಬರಸೀನಿ. ಮುಚ್ಚಿತ್ತಂದ್ರ ತಪ್ಪಾತು ಅನ್ನಾಕೂ ಯಾರೂ ನಮ್ಮ ಮನೀಗೆ ಬರತಿರಲಿಲ್ಲ."

ಪ್ರಫುಲ್ಲಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ಬಾಗಿಲು ತೆರೆದೇ ಇರಲಿ ಎಂದು ಒಂದೊಂದಾಗಿ ಕೈಗಳು ಮೇಲೆದ್ದವು. ಕೊನೆಗೆ ಎದ್ದದ್ದು ಕಮಲಾಕ್ಷರ ಕೈ.

ನಿಮಗೇನು ಬೇಕು ಎಂದು ಅವತ್ತು ಯಾರೋ ಪ್ರಫುಲ್ಲಕ್ಕನನ್ನು ಕೇಳಿದರು. "ಮೇ ತಿಂಗಳಲ್ಲಿ ಹದಿನೈದು ದಿನ ಊರಿಗೆ ಹೋಗಬೇಕು. ಅಷ್ಟು ದಿನ ಬೆಳಿಗ್ಗೆ ಎದ್ದು ಓದುವವರು ಒಬ್ಬರು ಬೇಕು," ಎಂದರು. ಹೋಟೆಲಿನವರಿಗೆ ಬೆಳಗಿನ ನಾಲ್ಕೂವರೆ ಎಂದರೆ ತಡವೇ. ಕಮಲಾಕ್ಷ ತಲೆ ಕೆರೆದುಕೊಂಡು, ತಾನೇ ಕಲಿಯುತ್ತೇನೆ ಎಂದುಬಿಟ್ಟರು.

ಹಾಗಾಗಿ ಈ ವಾರ ಐದು ಗಂಟೆಗೆ ಡೊಂಬಿವಲಿಯ ಮನೆಯಲ್ಲಿ ಫೋನ್ ರಿಂಗಾಗುತ್ತದೆ. ನಿಶ್ಮಿತಾ ಮುಸುಕು ಇನ್ನಷ್ಟು ಎಳೆದುಕೊಳ್ಳುತ್ತಾಳೆ.

"ಪ್ರಫುಲ್ಲಕ್ಕ, ಇದೊಂದು ಪಕ್ಕಾ ಕಸ. ಹೆಸರಿಲ್ಲ, ತಲೆಬುಡ ಇಲ್ಲ, 'ಅರ್ಜೆಂಟ್' ಅಂತ ಹತ್ತು ಸಲ ಉಂಟು. ತೆಗೀತೇನೆ."

"ಮೂರನೇ ಸಾಲು ಓದಿದ್ರಾ ಕಮಲಾಕ್ಷಣ್ಣ?"

ಆ ಕಡೆ ಕಮಲಾಕ್ಷ ಪತ್ರವನ್ನು ಮತ್ತೆ ತೆರೆಯುತ್ತಾರೆ. ಹೋಟೆಲಿನ ಗ್ರೈಂಡರ್ ತಿರುಗುವುದು ಕೇಳಿಸುತ್ತದೆ. ಆಮೇಲೆ ಮೆಲ್ಲಗೆ: "ಟಿಟ್ವಾಳ ಪೂರ್ವ ಅಂತ ಉಂಟು ಮಾರಾಯ್ರೆ."

ಪ್ರಫುಲ್ಲಕ್ಕ ಚಹಾದ ಲೋಟ ಕೆಳಗಿಡುತ್ತಾರೆ.

"ಹಾಗಾದ್ರೆ ಒಳಗೆ ಬಿಡಿ."