ಪಾತ್ರೆ ತೊಳೆದರೆ ಬೈಯುವ ಅತ್ತೆ

ನಮ್ಮ ಸಂಸ್ಥೆಯ ಮೂರನೆಯ ಮಹಡಿಯಲ್ಲಿ ಮಲೇರಿಯಾಕ್ಕೆ ಹೊಸ ಮದ್ದು ಹುಡುಕುವ ರಸಾಯನಶಾಸ್ತ್ರಜ್ಞೆಯೊಬ್ಬರಿದ್ದರು. ಎದುರಿಗೆ ಎಲ್ಲರೂ ‘ಮೇಡಂ’ ಎನ್ನುವರು, ಬೆನ್ನ ಹಿಂದೆ ‘ಅತ್ತೆ’. ಅವರಿಗೆ ಸೊಸೆಯಿರಲಿಲ್ಲ, ಮದುವೆಯೇ ಆಗಿರಲಿಲ್ಲ. ಸಿಂಕಿನ ಪಕ್ಕ ನಿಂತು ಒಂದೊಂದು ಗಾಜಿನ ಪಾತ್ರೆಯನ್ನೂ ಬೆಳಕಿಗೆ ಹಿಡಿದು, “ಯಾರ ಕೆಲಸ ಇದು?” ಎಂದು ಗದರುವ ಚಂದಕ್ಕೆ ಆ ಹೆಸರು ಅಂಟಿಕೊಂಡಿತ್ತು. ಒಂದೇ ವ್ಯತ್ಯಾಸವೆಂದರೆ, ಬೇರೆ ಅತ್ತೆಯರು ಪಾತ್ರೆ ತೊಳೆಯದಿದ್ದರೆ ಬೈಯುತ್ತಾರೆ, ಇವರು ತೊಳೆದರೆ ಬೈಯುತ್ತಿದ್ದರು.

ಅವರ ಲ್ಯಾಬಿನ ನಿಯಮ ಹಾಗಿತ್ತು. ಹೊಸ ವಸ್ತು ತಯಾರಾದ ಕೂಡಲೇ ಅದರ ಚಿಟಿಕೆ ಪುಡಿ ಕೆಳಗಿನ ಮಹಡಿಗೆ ಹೋಗುತ್ತದೆ. ಅಲ್ಲಿಯವರು ಮಲೇರಿಯಾದ ರೋಗಾಣುಗಳನ್ನು ರಕ್ತದಲ್ಲಿ ಮಕ್ಕಳಂತೆ ಸಾಕಿ, ಈ ಪುಡಿ ಹಾಕಿ, ಸತ್ತವೋ ಬದುಕಿದವೋ ಎಂದು ಹೇಳಿ ಕಳಿಸುತ್ತಾರೆ. ಆ ಉತ್ತರ ಬರುವವರೆಗೆ ವಸ್ತು ತಯಾರಾದ ಫ್ಲಾಸ್ಕನ್ನು ಯಾರೂ ತೊಳೆಯಕೂಡದು. ಹಾಗಾಗಿ ಕಿಟಕಿಯ ಕಟ್ಟೆ, ಬೀರುವಿನ ನೆತ್ತಿ, ಕುರ್ಚಿಯ ಅಡಿ, ಎಲ್ಲೆಲ್ಲೂ ಬುಡಕ್ಕೆ ಜಿಡ್ಡು ಹಿಡಿದ ಫ್ಲಾಸ್ಕುಗಳು ಕುತ್ತಿಗೆಗೆ ಚೀಟಿ ಕಟ್ಟಿಸಿಕೊಂಡು ಕೂತಿರುತ್ತಿದ್ದವು.

ಇದರಿಂದ ಹೊಟ್ಟೆ ಉರಿಯುತ್ತಿದ್ದುದು ನನಗೆ. ನಾನು ಅಲ್ಲಿನ ಸ್ಟೋರ್ ಕೀಪರ್. ಪ್ರತಿ ಫ್ಲಾಸ್ಕಿಗೂ ನಂಬರು ಕೊರೆಸಿ, ರಿಜಿಸ್ಟರಿನಲ್ಲಿ ಬರೆದು ಕೊಟ್ಟವನು ನಾನು. ಇಪ್ಪತ್ತಾರು ವರ್ಷದಲ್ಲಿ ಅತ್ತೆ ತಮ್ಮ ಕೈಯಾರೆ ಒಂದನ್ನೂ ಹಿಂದಿರುಗಿಸಿದವರಲ್ಲ.

“ಸ್ಟೋರಣ್ಣ, ಇನ್ನೊಂದು ಆರು ಫ್ಲಾಸ್ಕ್ ಕೊಡ್ತೀರಾ?”

“ಹಳೇವು ಏನಾದ್ವು ಮೇಡಂ?”

“ಅವು ಇನ್ನೂ ಯೋಚನೆ ಮಾಡ್ತಿವೆ.”

ಹೀಗೆ ಹೇಳುವವರ ಹತ್ತಿರ ಜಗಳವಾಡುವುದಾದರೂ ಹೇಗೆ? ಆದರೂ ಆಡುತ್ತಿದ್ದೆ. ನಮ್ಮಿಬ್ಬರದು ಹಾವು ಮುಂಗುಸಿ ಸಂಬಂಧವೆಂದು ಕಟ್ಟಡಕ್ಕೆಲ್ಲ ಗೊತ್ತಿತ್ತು.

ಅತ್ತೆ ಅಷ್ಟು ವರ್ಷದಲ್ಲಿ ಸುಮಾರು ನಾಲ್ಕು ಸಾವಿರ ವಸ್ತುಗಳನ್ನು ಮಾಡಿದರು, ಮಾಡಿಸಿದರು. ಅದರಲ್ಲಿ ಇಲಿಗಳವರೆಗೆ ಹೋದವು ಏಳು, ಮನುಷ್ಯರವರೆಗೆ ಹೋದದ್ದು ಒಂದು. ಅದೂ ಹೊಟ್ಟೆ ಕೆಡಿಸುತ್ತದೆಂದು ನಿಂತುಹೋಯಿತು. ಔಷಧದ ಅಂಗಡಿ ತಲುಪಿದ್ದು ಸೊನ್ನೆ. ಒಮ್ಮೆ ಮೀಟಿಂಗಿನಲ್ಲಿ ನಿರ್ದೇಶಕರು ಆ ಸೊನ್ನೆಯ ಮಾತೆತ್ತುವಾಗಲೇ ಅವರ ಕೈ ಮೇಲೊಂದು ಸೊಳ್ಳೆ ಕೂತಿತು. ಅವರು ಹೊಡೆಯಲು ಕೈಯೆತ್ತಿದರು. ಅತ್ತೆ, “ಬೇಡಿ ಸರ್, ನಮ್ಮೆಲ್ಲರ ಅನ್ನದಾತೆ” ಎಂದರು. ಸೊನ್ನೆಯ ಮಾತು ಅಲ್ಲಿಗೆ ಮುಗಿಯಿತು. ಅವರ ಕೈಯಲ್ಲಿ ಪಳಗಿದ ಹನ್ನೊಂದು ಮಂದಿ ಬೇರೆ ಬೇರೆ ಕಡೆ ದೊಡ್ಡ ಲ್ಯಾಬುಗಳಲ್ಲಿದ್ದಾರೆ, ಅಲ್ಲಲ್ಲಿನ ಸ್ಟೋರ್ ಕೀಪರುಗಳ ಹೊಟ್ಟೆ ಉರಿಸುತ್ತಿದ್ದಾರೆ.

ಹನ್ನೆರಡನೆಯವಳು, ಅತ್ತೆಯ ನಿವೃತ್ತಿಗೆ ಮುಂಚಿನ ಕಡೆಯವಳು, ಚೊಕ್ಕಮ್ಮ. ಇದು ನಾನೇ ಇಟ್ಟ ಹೆಸರು. ಪೆನ್ಸಿಲ್ಲುಗಳನ್ನು ಉದ್ದದ ಪ್ರಕಾರ ಜೋಡಿಸುವ ಹುಡುಗಿ. ಜಿಡ್ಡು ಕಂಡರೆ ಅವಳ ಬೆರಳು ತುರಿಸುತ್ತಿತ್ತು. ಕದ್ದುಮುಚ್ಚಿ ತೊಳೆದು ಫ್ಲಾಸ್ಕು ವಾಪಸ್ಸು ತಂದುಕೊಡುತ್ತಿದ್ದಳಾದ್ದರಿಂದ ನನ್ನ ಪಾಲಿಗೆ ಅವಳು ದೇವತೆಯೇ.

ಅವಳ ಒಂದು ವಸ್ತು ರೋಗಾಣುಗಳನ್ನು ಗುಡಿಸಿ ಹಾಕಿದಂತೆ ಕೊಂದಿತು. ಮಹಡಿಯಲ್ಲೆಲ್ಲ ಸಂಭ್ರಮ. ಪುಡಿ ಪರೀಕ್ಷೆಯಲ್ಲೇ ಖಾಲಿಯಾಗಿತ್ತು, ಮತ್ತೆ ಮಾಡಿದಳು. ಈ ಸಲ ಉಪ್ಪಿನಷ್ಟು ಬೆಳ್ಳಗೆ ಬಂತು, ಒಂದು ರೋಗಾಣುವೂ ಸಾಯಲಿಲ್ಲ. ಮೂರನೆಯ ಸಲ, ನಾಲ್ಕನೆಯ ಸಲವೂ ಅದೇ ಕಥೆ. ಮೊದಲನೆಯ ಪರೀಕ್ಷೆಯ ಅಂಕಿಯನ್ನು ಹುಡುಗಿ ತಾನೇ ಸುಳ್ಳಾಗಿ ಬರೆಸಿದಳೇನೋ ಎಂಬ ಗುಸುಗುಸು ಕ್ಯಾಂಟೀನಿನಲ್ಲಿ ಎದ್ದಿತು. ಶುಕ್ರವಾರ ಸಮಿತಿ ಸೇರಿ ತೀರ್ಮಾನಿಸುವುದಿತ್ತು. ಸುಳ್ಳಿಯೆಂಬ ಹಣೆಪಟ್ಟಿ ಬಿದ್ದರೆ ಈ ಕಸುಬಿನಲ್ಲಿ ಮತ್ತೆ ಯಾರೂ ಬಾಗಿಲು ತೆರೆಯುವುದಿಲ್ಲ.

ಸೋಮವಾರ ಬೆಳಗ್ಗೆ ನಾನು ಎಂದಿನಂತೆ ಫ್ಲಾಸ್ಕು ವಸೂಲಿಗೆ ಮೇಲೆ ಹೋದೆ. ಚೊಕ್ಕಮ್ಮ ಬಿಕ್ಕುತ್ತಿದ್ದಳು.

“ಮೊದಲನೇ ಫ್ಲಾಸ್ಕ್ ಎಲ್ಲೇ?” ಅತ್ತೆ ಕೇಳಿದರು.

“ತೊಳೆದ್ಬಿಟ್ಟೆ ಮೇಡಂ. ಉತ್ತರ ಬರೋಕೆ ಮುಂಚೇನೇ.”

ಈಗ ಆಕಾಶ ಕಳಚಿ ಬೀಳುತ್ತದೆಂದು ನಾನು ಬಾಗಿಲಲ್ಲೇ ನಿಂತೆ. ಅತ್ತೆ ಬೈಯಲಿಲ್ಲ. ಸ್ಟೂಲು ಎಳೆದುಕೊಂಡು ಅವಳ ಪಕ್ಕ ಕೂತರು.

“ನಿನ್ನ ವಯಸ್ಸಲ್ಲಿ ನಾನೂ ತೊಳೆದಿದ್ದೆ ಕಣೇ. ಹಿಂಗೇ ಒಂದ್ಸಲ ಬಂದ ಅಂಕಿ ಮತ್ತೆ ಬರ್ಲಿಲ್ಲ. ನಮ್ಮ ಮೇಷ್ಟ್ರು ಎಲ್ಲರ ಮುಂದೆ ‘ಸುಳ್ಳು ಬರೆದಿದೀಯ’ ಅಂದ್ರು. ಆಮೇಲೆ ಒಂಬತ್ತು ವರ್ಷ ಆ ತೊಳೆದ ಫ್ಲಾಸ್ಕಲ್ಲಿ ಏನಿತ್ತು ಅಂತ ಹುಡುಕಿದೀನಿ. ಸಿಗ್ಲಿಲ್ಲ. ನಿನ್ನನ್ನ ನಾನು ನಂಬ್ತೀನಿ. ಆದ್ರೆ ಸಮಿತಿಗೆ ನನ್ನ ನಂಬಿಕೆ ಸಾಕಾಗಲ್ಲ.”

ಚೊಕ್ಕಮ್ಮ ತೊಳೆದ ಆ ಫ್ಲಾಸ್ಕು ನನ್ನ ಹತ್ತಿರವಿತ್ತು.

ಕಥೆ ಇಷ್ಟೇ. ಅವಳು ಅದನ್ನು ತಂದುಕೊಟ್ಟಾಗ ಬುಡದಲ್ಲೊಂದು ಹಳದಿ ಕಲೆ ಉಳಿದಿತ್ತು. ಚೊಕ್ಕಮ್ಮನ ಪಾತ್ರೆಯಲ್ಲೂ ಕಲೆ! ಅತ್ತೆಯ ನಿವೃತ್ತಿಯ ಸಮಾರಂಭದಲ್ಲಿ ಅದನ್ನು ಎತ್ತಿ ಹಿಡಿದು, ‘ನೋಡಿ, ಇವರು ಶಿಷ್ಯರಿಗೆ ಕಲಿಸಿದ್ದು ಇದನ್ನ’ ಎಂದು ಭಾಷಣ ಮಾಡಬೇಕೆಂದು ಅಳತೆ ಜಾಡಿಗಳ ಹಿಂದೆ ಬಚ್ಚಿಟ್ಟಿದ್ದೆ. ಭಾಷಣದ ಅರ್ಧ ಬಾಯಿಪಾಠವೂ ಆಗಿತ್ತು.

ಮಂಡಿನೋವು ಮರೆತು ಮೆಟ್ಟಿಲು ಇಳಿದೆ, ಹತ್ತಿದೆ. ಫ್ಲಾಸ್ಕನ್ನೂ ರಿಜಿಸ್ಟರನ್ನೂ ಅವರ ಮುಂದಿಟ್ಟೆ. ನಂಬರು, ತಾರೀಖು, ಅವಳ ಸಹಿ, ಎಲ್ಲ ಸರಿಯಿತ್ತು. ಅತ್ತೆ ಫ್ಲಾಸ್ಕನ್ನು ಬೆಳಕಿಗೆ ಹಿಡಿದರು.

“ಇದೇನೇ ಹಳದಿ?”

ಚೊಕ್ಕಮ್ಮನ ಮುಖ ಸಣ್ಣದಾಯಿತು. ಆವತ್ತು ಅಮ್ಮನ ಫೋನು ಬಂದಿತ್ತಂತೆ. ಮಾತಿನ ಭರದಲ್ಲಿ ಒಲೆ ಆರಿಸಲು ಮರೆತು, ಫ್ಲಾಸ್ಕು ಎರಡು ಗಂಟೆ ಹೆಚ್ಚು ಕಾದಿತ್ತಂತೆ. ಪುಡಿ ತುಸು ಹಳದಿಯಾಗಿತ್ತು. ನಾಚಿಕೆಯಾಗಿ ನೋಟ್‌ಬುಕ್ಕಿನಲ್ಲಿ ಬರೆಯಲಿಲ್ಲ. ಮುಂದಿನ ಸಲಗಳಲ್ಲಿ ಹಳದಿ ಬರದಂತೆ ಕಣ್ಣಲ್ಲಿ ಕಣ್ಣಿಟ್ಟು ಕಾದಳು.

“ಬರೀದೆ ಇದ್ದಿದ್ದು ತಪ್ಪು. ಅದಕ್ಕೆ ಆಮೇಲೆ ಬೈತೀನಿ,” ಎಂದರು ಅತ್ತೆ. “ಈಗ ಒಲೆ ಹಚ್ಚು, ಮತ್ತೆ ಮರೆತ್ಬಿಡು. ಈ ಸಲ ಗಡಿಯಾರ ನೋಡ್ಕೊಂಡು ಮರೆತ್ಬಿಡು.”

ಕಲೆಯನ್ನು ಕೆರೆದು, ಕರಗಿಸಿ ಕೆಳಗೆ ಕಳಿಸಿದರು. ಸಂಜೆ ಹೊಸದಾಗಿ ಬಂದ ಹಳದಿಯೂ ಜೊತೆಗೆ ಹೋಯಿತು. ಪರೀಕ್ಷೆಗೆ ಮೂರು ದಿನ ಬೇಕು. ಆ ಮೂರು ದಿನ ಅತ್ತೆ ನನ್ನ ಹತ್ತಿರ ಒಂದು ಫ್ಲಾಸ್ಕನ್ನೂ ಕೇಳಲಿಲ್ಲ, ನಾನು ಜಗಳವನ್ನೂ ಆಡಲಿಲ್ಲ.

ಗುರುವಾರ ಸಂಜೆ ಉತ್ತರ ಬಂತು. ಎರಡರಲ್ಲೂ ಒಂದು ರೋಗಾಣುವೂ ಉಳಿದಿರಲಿಲ್ಲ. ಕೊಲ್ಲುತ್ತಿದ್ದುದು ಬಿಳಿಯದಲ್ಲ, ಹುಡುಗಿ ಆಮೇಲೆ ಪ್ರತಿ ಸಲ ಕೊಳೆಯೆಂದು ಬರದಂತೆ ತಡೆಯುತ್ತಿದ್ದ ಹಳದಿ. ಚೊಕ್ಕಮ್ಮ ಕುಣಿದಳು, ಅತ್ತಳು, ಎರಡನ್ನೂ ಒಟ್ಟಿಗೆ ಮಾಡಿದಳು. ಶುಕ್ರವಾರ ಸಮಿತಿಯವರು ಅವಳ ಕೈ ಕುಲುಕಿದರು. ಹಳದಿ ಔಷಧವಾಗಲು ಇನ್ನೂ ಹತ್ತು ವರ್ಷ ಬೇಕು, ಆಗದೆಯೂ ಹೋಗಬಹುದು. ಆದರೆ ಹುಡುಗಿ ಸುಳ್ಳು ಹೇಳಿರಲಿಲ್ಲ.

ನಿವೃತ್ತಿಯ ದಿನ ನಾನು ಭಾಷಣ ಮಾಡಲಿಲ್ಲ. ಸಮಾರಂಭ ಮುಗಿದ ಮೇಲೆ ಅತ್ತೆ ಸ್ಟೋರಿನ ಕಿಟಕಿಗೆ ಬಂದರು. ಕೈಯಲ್ಲಿ ಅದೇ ಫ್ಲಾಸ್ಕು, ಇನ್ನೂ ಒದ್ದೆ.

“ತಗೊಳ್ಳಿ ಸ್ಟೋರಣ್ಣ. ನಾನೇ ತೊಳೆದೆ. ಮೂವತ್ತೈದು ವರ್ಷ ಆದ್ಮೇಲೆ ನೆಮ್ಮದಿಯಿಂದ ಒಂದು ಪಾತ್ರೆ ತೊಳೆದೆ.”

ಬೆಳಕಿಗೆ ಹಿಡಿದು ನೋಡಿದೆ. ಹಳದಿ ಪೂರ್ತಿ ಹೋಗಿರಲಿಲ್ಲ. ರಿಜಿಸ್ಟರು ತೆರೆದು, ಆ ನಂಬರಿನ ಮುಂದೆ ‘ಶುಭ್ರವಾಗಿದೆ’ ಎಂದು ಬರೆದು ಸಹಿ ಹಾಕಿದೆ. ನನ್ನ ಸೇವೆಯಲ್ಲಿ ನಾನು ಬರೆದ ಸುಳ್ಳು ಅದೊಂದೇ.