ಇಸ್ತ್ರಿಗೆ ಬಂದ ಊಟದ ಹಾಸು

ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಪುಟ್ಟಿ ಎನ್ನುತ್ತಿದ್ದರು. ಚಿಕ್ಕ ಮಗಳೆಂದು ಮನೆಯಲ್ಲಿ ಕರೆದ ಹೆಸರು. ಅವಳು ಬಾಗಿಲಿಗೆ ಅಡ್ಡ ನಿಂತರೆ ಒಳಗಿದ್ದವರು ದೀಪ ಹಾಕಿಕೊಳ್ಳಬೇಕಾಗುವಷ್ಟು ಮೈ ಬೆಳೆದರೂ ಹೆಸರು ಮಾತ್ರ ಬೆಳೆಯಲಿಲ್ಲ. ಅದಕ್ಕೆ ಅವಳಿಗೆ ಬೇಸರವೂ ಇರಲಿಲ್ಲ. ಬೇಸರ ಮಾಡಿಕೊಂಡು ಮೂಲೆ ಹಿಡಿಯುವ ಜಾಯಮಾನ ಅವಳದಲ್ಲ.

ಹೋಟೆಲು, ಆಸ್ಪತ್ರೆಗಳ ಹಾಸು ಹೊದಿಕೆ ಒಗೆಯುವ ದೊಡ್ಡ ಲಾಂಡ್ರಿ ಅದು. ಮುಂದಿನ ಹಾಲಿನಲ್ಲಿ ಒಗೆಯುವ ಯಂತ್ರಗಳು, ಹಿಂದೆ ಇಸ್ತ್ರಿ, ಅದರ ಪಕ್ಕದಲ್ಲಿ ಮಡಚುವ ಉದ್ದ ಮೇಜು. ದೊಡ್ಡ ಹಾಸುಗಳನ್ನು ಒಬ್ಬರೇ ಮಡಚಲಾಗದು. ಇಬ್ಬರು ಎದುರುಬದುರು ನಿಂತು ತುದಿ ಹಿಡಿದು, ಒದರಿ, ಬಿಗಿಯಾಗಿ ಎಳೆದು, ಒಬ್ಬರತ್ತ ಒಬ್ಬರು ನಡೆದು ಬಂದು ತುದಿಗೆ ತುದಿ ಕೂಡಿಸಬೇಕು. ಪುಟ್ಟಿಯ ಎದುರು ನಿಲ್ಲುತ್ತಿದ್ದವಳು ಅವಳ ಸ್ವಂತ ಅಕ್ಕ. ಈ ಕೆಲಸ ಕೊಡಿಸಿದವಳೂ ಅವಳೇ. ಇಬ್ಬರದೂ ಒಂದೇ ಅಳತೆ, ಒಂದೇ ನಗು. ಹಾಸು ಹಿಡಿದು ಇಬ್ಬರೂ ಹತ್ತಿರ ಬರುವಾಗ ಮಿಕ್ಕ ಹೆಂಗಸರು, “ಜಾಗ ಬಿಡ್ರಮ್ಮೋ, ಎರಡು ಲಾರಿ ಎದುರುಬದುರು ಬರ್ತಿವೆ!” ಎಂದು ಕೂಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಆ ಎರಡು ಲಾರಿಗಳೇ.

ಶುಕ್ರವಾರ ಮಧ್ಯಾಹ್ನ ಆ ಮೇಜು ಊಟದ ಮೇಜಾಗುತ್ತಿತ್ತು. ಮೂಲೆ ಸುಟ್ಟಿತೆಂದು ಒಂದು ಹೋಟೆಲಿನವರು ಬೇಡವೆಂದ ಬಿಳಿ ಹಾಸೊಂದನ್ನು ಹೆಂಗಸರು ಅದಕ್ಕೆಂದೇ ಎತ್ತಿಟ್ಟಿದ್ದರು. ಅದನ್ನು ಹರಡಿ, ಮನೆಯಿಂದ ಒಬ್ಬೊಬ್ಬರೂ ಒಂದೊಂದು ತಂದಿದ್ದನ್ನು ನಡುವೆ ಇಟ್ಟುಕೊಂಡು ತಿನ್ನುವುದು ರೂಢಿ. ಊಟ ಅನ್ನುವುದು ನೆಪ. ಯಾರ ಅತ್ತೆ ಏನೆಂದಳು, ಸೂಪರ್‌ವೈಸರ್ ಯಾಕೆ ಮೀಸೆ ಬೋಳಿಸಿದ, ಇಂಥ ಘನವಾದ ವಿಚಾರಗಳೆಲ್ಲ ಅಲ್ಲೇ ತೀರ್ಮಾನವಾಗುತ್ತಿದ್ದವು. ಪುಟ್ಟಿ ವಾರವಿಡೀ ಬದುಕುತ್ತಿದ್ದದ್ದು ಆ ಒಂದು ಹೊತ್ತಿಗಾಗಿ ಎಂದರೆ ಉತ್ಪ್ರೇಕ್ಷೆಯಲ್ಲ.

ಆಮೇಲೆ ಸಕ್ಕರೆ ಕಾಯಿಲೆ ಬಂತು, ಮಂಡಿ ಕೈಕೊಟ್ಟಿತು. ಇಸ್ತ್ರಿ ಮುಂದೆ ನಿಂತೇ ಮಾಡುವ ಕೆಲಸ. ಸಂಜೆಗೆ ಕಾಲು ಕಂಬದಂತೆ ಊದಿಕೊಳ್ಳುತ್ತಿತ್ತು. ಹೀಗೇ ಬಿಟ್ಟರೆ ಹೆಚ್ಚು ದಿನ ನಡೆಯುವುದಿಲ್ಲವೆಂದ ಡಾಕ್ಟರು ಆಪರೇಷನ್ ಮಾಡಿ ಹೊಟ್ಟೆಯ ಚೀಲವನ್ನು ಕತ್ತರಿಸಿ ಒಂದು ಬಾಳೆಹಣ್ಣಿನಷ್ಟು ಮಾತ್ರ ಉಳಿಸುವ ಮಾತಾಡಿದರು. ಪುಟ್ಟಿಗೆ ಕತ್ತರಿಯ ಭಯವಿರಲಿಲ್ಲ. ಅವಳ ಭಯವೇ ಬೇರೆ.

“ಶುಕ್ರವಾರ ನಾನೇನು ಮಾಡ್ಲೇ ಅಕ್ಕ? ಎಲ್ಲರೂ ತಿಂತಾ ಇದ್ರೆ ಬಾಯಿ ಬಾಯಿ ನೋಡ್ಕೊಂಡು ಕೂರ್ಲಾ?”

“ಹುಚ್ಚಿ! ಮೊದಲು ಬದುಕು. ಉಳಿದದ್ದು ನನಗೆ ಬಿಡು,” ಎಂದಳು ಅಕ್ಕ. ಆಸ್ಪತ್ರೆಗೆ ಕರೆದೊಯ್ದವಳೂ, ಆಮೇಲೆ ಚಮಚದಲ್ಲಿ ಗಂಜಿ ನೀರು ಕುಡಿಸಿದವಳೂ ಅವಳೇ. ಇದನ್ನು ಇಲ್ಲಿ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದನ್ನು ಕೇಳಿದವರು ಅಕ್ಕನನ್ನು ರಾಕ್ಷಸಿ ಎಂದುಬಿಡುತ್ತಾರೆ. ಕಥೆ ಅಷ್ಟು ಸಲೀಸಾಗಿಲ್ಲ.

ಕೆಲಸಕ್ಕೆ ಮರಳಿದ ಪುಟ್ಟಿ ಶುಕ್ರವಾರದ ಊಟವನ್ನು ಹೊಸದಾಗಿ ಕಲಿತಳು. ಕಾಫಿ ಬಸಿಯೇ ತಟ್ಟೆ, ಮಕ್ಕಳ ಚಮಚವೇ ಚಮಚ. ಮೊಟ್ಟೆಯೋ ಕಾಳೋ ಮೊದಲು. ಜಾಗ ಉಳಿದರೆ ಬೇರೆಯದು. ಊಟದ ಜೊತೆ ನೀರು ಕುಡಿಯುವಂತಿಲ್ಲ. ಅವಸರದಲ್ಲಿ ನುಂಗಿದರೆ ಎದೆಯಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಒಮ್ಮೆ ಆಸೆ ತಡೆಯದೆ ಕೇಕಿನ ಒಂದು ತುಂಡು ತಿಂದು, ಮೈಯೆಲ್ಲ ಬೆವರಿ, ಎದೆ ಡವಗುಟ್ಟಿ, ಒಗೆಯದ ಬಟ್ಟೆಯ ಗಂಟಿನ ಮೇಲೆ ಮಲಗಿದ್ದೂ ಆಯಿತು. ಆದರೂ ಅವಳು ಸೋಲಲಿಲ್ಲ. ಎಲ್ಲರ ಪಾತ್ರೆಯಿಂದಲೂ ಉಗುರಿನಷ್ಟು ಹಾಕಿಸಿಕೊಂಡು, ಕಣ್ಣು ಮುಚ್ಚಿ, ಒಳಗೆ ಏನೇನಿದೆ ಎಂದು ಹೇಳುವ ಆಟ ಹೂಡಿದಳು. ಹೇಳಿದ್ದು ನಿಜವಾದಾಗ ಮೇಜಿಡೀ ಚಪ್ಪಾಳೆ. ಬಾಯಿ ಮೊದಲಿನಷ್ಟು ತುಂಬಿರದ ಕಾರಣ ಮಾತು ಇನ್ನೂ ಜಾಸ್ತಿಯಾಯಿತು. ಕಲೆ ತೆಗೆಯುವ ವಿಭಾಗದ ಸೋಡಾ (ಸದಾ ಸೋಡಾ ಪುಡಿಯಲ್ಲಿ ಕೈ ಇರುತ್ತಿದ್ದರಿಂದ ಆ ಹೆಸರು) “ಡಾಕ್ಟ್ರು ಹೊಟ್ಟೆ ಕತ್ತರಿಸಿದ್ರು, ನಾಲಿಗೆ ಕತ್ತರಿಸೋದು ಮರೆತ್ರು” ಎನ್ನುತ್ತಿದ್ದಳು. ತನ್ನ ಜಾಗ ಎಲ್ಲೂ ಹೋಗಿಲ್ಲವೆಂದು ಪುಟ್ಟಿಗೆ ಧೈರ್ಯ ಬಂತು.

ಹೀಗಿರುವಾಗ ಒಂದು ದಿನ ಅಕ್ಕ ಮುಖ ಸಣ್ಣ ಮಾಡಿಕೊಂಡು ಬಂದು ಹೇಳಿದಳು: “ಶುಕ್ರವಾರದ್ದು ನಿಂತುಹೋಯ್ತು ಕಣೆ. ಎಲ್ಲರೂ ಒಟ್ಟಿಗೆ ಕೂತ್ರೆ ಕೆಲಸ ಕೆಡತ್ತೆ ಅಂತ ಸೂಪರ್‌ವೈಸರ್ ಗಲಾಟೆ. ಇನ್ಮೇಲೆ ಒಬ್ಬೊಬ್ಬರಿಗೆ ಒಂದೊಂದು ಹೊತ್ತು. ನಿಂಗೆ ಸ್ವಲ್ಪ ಬೇಗ ಕೊಡಿಸಿದೀನಿ. ನಿಧಾನ ತಿನ್ನೋಳು ನೀನು.”

ಪುಟ್ಟಿ ನಂಬಿದಳು. ಅಕ್ಕ ಹೇಳಿದ್ದನ್ನು ನಂಬದೆ ಇರುವುದು ಹೇಗೆಂದೇ ಅವಳಿಗೆ ಗೊತ್ತಿರಲಿಲ್ಲ. ಅಂದಿನಿಂದ ಅವಳ ಊಟ ಬಾಯ್ಲರ್ ನೋಡಿಕೊಳ್ಳುವ ತಾತನ ಜೊತೆ. ತಾತನಿಗೆ ಕಿವಿ ಮಂದ. ಅವಳು ಏನು ಹೇಳಿದರೂ “ಹೌದೌದು, ಒತ್ತಡ ಸರಿಯಾಗಿದೆ” ಎನ್ನುತ್ತಿದ್ದ. ಮೊದಮೊದಲು ಅದಕ್ಕೂ ನಕ್ಕಳು. ಬರಬರುತ್ತಾ ಡಬ್ಬಿ ತೆರೆಯುವುದೇ ಬೇಡವೆನಿಸತೊಡಗಿತು. ಇಷ್ಟು ಕಮ್ಮಿ ತಿನ್ನುವವಳಿಗೆ ಅದನ್ನು ಒಬ್ಬಳೇ ತಿನ್ನುವುದು ಇಷ್ಟು ಕಷ್ಟವಾದೀತೆಂದು ಡಾಕ್ಟರು ಕೂಡ ಹೇಳಿರಲಿಲ್ಲ. ಹೆಂಗಸರು ಅವಳೆದುರು ಊಟದ ಮಾತೇ ಎತ್ತುತ್ತಿರಲಿಲ್ಲ. ಪಾಪ, ಅವರಿಗೂ ಬೇಜಾರಾಗಿರಬೇಕು ಎಂದುಕೊಂಡಳು.

ಒಂದು ಸೋಮವಾರ ಹೋಟೆಲಿನ ಮೇಜುಹಾಸುಗಳ ರಾಶಿ ಇಸ್ತ್ರಿಗೆ ಬಂದಿತ್ತು. ಬಿಳಿ ಹಾಸುಗಳೆಲ್ಲ ರಾಶಿಯಲ್ಲಿ ಒಂದೇ ಥರ. ಒಂದರ ಮೇಲೆ ಬಿಸಿ ಒತ್ತಿ ಎಳೆದಾಗ ಹಬೆಯ ಜೊತೆ ಎಣ್ಣೆಯ ವಾಸನೆ ಎದ್ದಿತು. ಜಿಡ್ಡು ಪೂರ್ತಿ ಹೋಗದ ಬಟ್ಟೆ ಬಿಸಿಗೆ ಹಾಗೆ ಮಾಡುತ್ತದೆ. ತಣ್ಣೀರಿನಲ್ಲಿ ಒಗೆಯುವ ಬಟ್ಟೆಯ ಗಾಡಿಗೆ ಹಾಕಿಬಿಟ್ಟಿದ್ದಾರೆ ಎಂದು ಬೈದುಕೊಳ್ಳುತ್ತಾ ಪಕ್ಕಕ್ಕಿಡಲು ಹೋದವಳ ಮೂಗು ಅಲ್ಲೇ ನಿಂತಿತು. ಬೆಳ್ಳುಳ್ಳಿ. ಇನ್ನೇನು ಸೀದುಹೋಗಬೇಕು ಎನ್ನುವವರೆಗೂ ಹುರಿದ ಬೆಳ್ಳುಳ್ಳಿ, ಮೇಲೆ ಮೆಣಸಿನ ಪುಡಿ. ಹಾಗೆ ಹುರಿಯುವವಳು ಅವಳಿಗೆ ಗೊತ್ತಿದ್ದ ಮಟ್ಟಿಗೆ ಒಬ್ಬಳೇ. ಅದಕ್ಕಾಗಿ ಅಮ್ಮ ಅಕ್ಕನನ್ನು ಬೈಯುತ್ತಿದ್ದದ್ದನ್ನು ಚಿಕ್ಕಂದಿನಿಂದ ಕೇಳಿದ್ದಳು. ಹಾಸನ್ನು ತಿರುಗಿಸಿದಳು. ಮೂಲೆಯಲ್ಲಿ ಸುಟ್ಟ ಗುರುತಿತ್ತು.

ಅದನ್ನು ಯಾವಾಗಲೂ ನಲ್ಲಿಯ ಕೆಳಗೆ ಕೈಯಲ್ಲೇ ಒಗೆದು ಬಾಯ್ಲರ್ ಹತ್ತಿರ ಒಣಹಾಕುತ್ತಿದ್ದರು. ಯಾರೋ ಮೈಮರೆತು ಹೋಟೆಲಿನ ಗಾಡಿಗೆ ಎಸೆದಿದ್ದರು. ಹಳೆಯ ಕಲೆಯಿರಬೇಕೆಂದು ಪುಟ್ಟಿ ತನಗೆ ತಾನೇ ಹೇಳಿಕೊಂಡಳು. ಆದರೆ ಹಳೆಯ ಜಿಡ್ಡು ಕಂದು ಕಲೆಯಾಗಿ ಕೂತುಬಿಡುತ್ತದೆ, ವಾಸನೆ ಬಿಡುವುದಿಲ್ಲ. ಇಷ್ಟು ವರ್ಷ ಇಸ್ತ್ರಿ ಹಿಡಿದ ಕೈಗೆ ಸುಳ್ಳು ಹೇಳುವುದು ಸುಲಭವಲ್ಲ. ಹಾಸನ್ನು ನೀಟಾಗಿ ಇಸ್ತ್ರಿ ಮಾಡಿ, ಮಡಚಿ, ಯಾರಿಗೂ ಏನೂ ಹೇಳದೆ ಅದರ ಜಾಗದಲ್ಲಿಟ್ಟಳು.

ಆ ಶುಕ್ರವಾರ ಹೆಂಗಸರ ಊಟದ ಹೊತ್ತಿಗೆ ಅವಳು ಇಸ್ತ್ರಿ ಆರಿಸಿದಳು. ಹಿಂದಿನ ಹಾಲಿನಲ್ಲಿ ಯಾರೂ ಇರಲಿಲ್ಲ. ಸರದಿಯ ಊಟಕ್ಕೆ ಹೋಗಿದ್ದಾರೆಂದುಕೊಂಡು ಇಷ್ಟು ದಿನ ಅವಳು ಅದನ್ನು ಗಮನಿಸಿರಲಿಲ್ಲ. ಯಂತ್ರದ ಸದ್ದು ನಿಂತಮೇಲೆ ನಗು ಕೇಳಿಸಿದ್ದು ಮೇಲಿನಿಂದ, ಹಾಸುಗಳನ್ನು ತುಂಬಿಡುವ ಕೋಣೆಯಿಂದ. ಮಂಡಿನೋವಿನ ಪುಟ್ಟಿ ಹತ್ತದ ಮೆಟ್ಟಿಲು ಅವು. ಅಲ್ಲಿಗೆ ಅವಳು ಬರುವುದಿಲ್ಲವೆಂದು ತಾನೇ ಆ ಜಾಗ ಹುಡುಕಿದ್ದು! ಈಗ ಮೈ ಇಳಿದ ಅವಳು ಏದುಸಿರಿಲ್ಲದೆ ಹತ್ತಿದಳು. ಹತ್ತಬಲ್ಲೆನೆಂದು ಗೊತ್ತಾದ ದಿನವೇ ಹತ್ತಬಾರದಿತ್ತು ಎನಿಸಿತು.

ಹಾಸು ಹರಡಿತ್ತು. ಎಲ್ಲರೂ ಇದ್ದರು. ನಡುವೆ ಅಕ್ಕ, ಕೈಯಲ್ಲಿ ಸೌಟು.

ಮೊದಲು ಎದ್ದವಳು ಸೋಡಾ. “ಅಯ್ಯೋ ಪುಟ್ಟಿ! ಈಗ ಪರವಾಗಿಲ್ವಾ? ಅಡುಗೆ ವಾಸನೆ ಬಂದ್ರೆ ವಾಂತಿ ಆಗತ್ತೆ, ನಮ್ಮನ್ನ ನೋಡಿದ್ರೆ ಅಳು ಬರತ್ತೆ, ಊಟದ ಸುದ್ದಿನೇ ಎತ್ತಬೇಡಿ ಅಂದಿದ್ಯಂತಲ್ಲ? ಅಕ್ಕ ಹೇಳಿದ್ಳು. ನಾವು ನಾಲಿಗೆ ಕಚ್ಚಿಕೊಂಡು ಸುಮ್ನಿದ್ವಿ ಕಣೆ ಇಷ್ಟು ದಿನ!”

ಅವರಿಗೊಂದು ಸುಳ್ಳು, ಇವಳಿಗೊಂದು ಸುಳ್ಳು. ಎರಡನ್ನೂ ಒಂದೇ ಕೈ ಹೊಲಿದಿತ್ತು. ಪುಟ್ಟಿ ಅಕ್ಕನ ಮುಖ ನೋಡಿದಳು. ಅಕ್ಕ ಸೌಟು ಕೆಳಗಿಟ್ಟು, “ಡಾಕ್ಟ್ರು ಹೇಳಿದ್ದನ್ನ ನಾನೇ ತಪ್ಪು ತಿಳ್ಕೊಂಡೆನೇನೋ,” ಎಂದಳು, ಪುಟ್ಟಿಗಲ್ಲ, ಎಲ್ಲರಿಗೂ. “ತಂಗಿ ಅಂದ್ರೆ ಪ್ರಾಣ ಅವಳಿಗೆ, ಅದಕ್ಕೇ ಗಾಬರಿ,” ಎಂದು ಯಾರೋ ಅಂದರು. ಪುಟ್ಟಿ ಮೆಟ್ಟಿಲು ಇಳಿದು ಬಂದಳು.

ಊಟದ ಹೊತ್ತು ಮುಗಿದ ಮೇಲೆ ಆಸ್ಪತ್ರೆಯ ಹಾಸುಗಳು ಬಂದವು. ಎದುರು ನಿಲ್ಲಲೇಬೇಕು, ಬೇರೆ ಜೋಡಿಯಿಲ್ಲ. ಇಬ್ಬರೂ ತುದಿ ಹಿಡಿದು ಒದರಿದರು.

“ಯಾಕೆ?” ಎಂದಳು ಪುಟ್ಟಿ.

ಅಕ್ಕ ಕೋಪದಲ್ಲೇ ಉತ್ತರ ಕೊಟ್ಟಳು. “ನಿನ್ನ ಪಕ್ಕ ಕೂತು ತಿಂದು ನೋಡು, ಆಗ ಗೊತ್ತಾಗತ್ತೆ! ನೀನು ಬಸೀಲಿ ಉಗುರಿನಷ್ಟು ಹಾಕಿಸ್ಕೊಂಡು ಚಪ್ಪಾಳೆ ಹೊಡಿಸ್ಕೋತೀಯ. ಆಮೇಲೆ ಎಲ್ಲರ ಕಣ್ಣು ನನ್ನ ತಟ್ಟೆ ಮೇಲೆ. ‘ನೀನ್ಯಾವಾಗ ಅಕ್ಕ ಆಪರೇಷನ್ ಮಾಡ್ಸೋದು?’ ಅಂತ ಕೇಳಿದ್ರು ಕಣೆ ನಗುನಗ್ತಾ. ಹುಟ್ಟಿದಾಗಿಂದ ನಾವಿಬ್ರೂ ದಪ್ಪ. ಈಗ ನಾನೊಬ್ಳೇ.”

“ಮಾಡ್ಸು ಅಂದವಳು ನೀನು.”

“ಬದುಕು ಅಂದೆ. ನನ್ನ ಬಿಟ್ಟು ಹೋಗು ಅನ್ಲಿಲ್ಲ.”

“ನಾನೆಲ್ಲಿಗೆ ಹೋಗಿದ್ದೆ? ಇಲ್ಲೇ ಇದ್ದೆ, ಬಾಯ್ಲರ್ ಹತ್ರ. ದಿನಾ ನಾನು ಊಟ ಆಯ್ತಾ ಅಂತ ಕೇಳ್ತಿದ್ದೆ ನಿನ್ನ. ನೀನು ಆಯ್ತು ಅಂತಿದ್ದೆ.” ಪುಟ್ಟಿ ಹಾಸನ್ನು ಬಿಗಿಯಾಗಿ ಎಳೆದಳು. “ನಿನ್ನ ಪಕ್ಕ ಕೂರಬೇಡ ಅಂದಿದ್ರೆ ಆ ತುದೀಲಿ ಕೂರ್ತಿದ್ದೆ. ಚಪ್ಪಾಳೆ ಬೇಡ ಅಂದಿದ್ರೆ ಬಾಯಿ ಮುಚ್ಕೊಂಡಿರ್ತಿದ್ದೆ. ಕೇಳ್ಬಹುದಿತ್ತಲ್ಲೇ.”

ಮಡಚಲು ಹತ್ತಿರ ಬರಬೇಕಿತ್ತು, ಬಂದರು. ಅಕ್ಕ ತನ್ನ ತುದಿಗಳನ್ನು ಅವಳ ಕೈಗೆ ಕೊಟ್ಟಳು. ಕ್ಷಮಿಸು ಎನ್ನಲಿಲ್ಲ. ಮುಂದಿನ ಹಾಸು ಎತ್ತಿಕೊಂಡಳು.

ಮರುವಾರ ಊಟ ಮತ್ತೆ ಕೆಳಗಿನ ಮೇಜಿಗೆ ಬಂತು. ಪುಟ್ಟಿಗೆ ನಡುವೆ ಜಾಗ ಬಿಟ್ಟು ಎಲ್ಲರೂ ಕಾದಿದ್ದರು. ಅವಳು ಬಂದು ಕೂತಳು. ಬಿಟ್ಟುಕೊಡಬಾರದೆಂದು ಹಟದಿಂದಲೇ ಕೂತಳು. ಮೊಟ್ಟೆ ರುಚಿ ನೋಡಿದಳು, ಸೋಡಾ ತನ್ನ ಬೀನ್ಸಿಗೆ ಗುಟ್ಟಾಗಿ ಹಾಕಿದ್ದ ಸಕ್ಕರೆಯನ್ನು ಹಿಡಿದುಕೊಟ್ಟಳು. ಮೇಜು ನಕ್ಕಿತು. ಆಗ ಅಕ್ಕ ಎಲ್ಲರೆದುರು ತನ್ನ ಹುರಿದ ಬೆಳ್ಳುಳ್ಳಿಯ ಪಾತ್ರೆಯನ್ನು ಮುಂದೆ ತಳ್ಳಿ, “ನಿಂಗೇ ಅಂತ ಎಣ್ಣೆ ಕಮ್ಮಿ ಹಾಕಿ ಮಾಡಿದೀನಿ ಪುಟ್ಟಿ. ಒಂದು ಚಮಚ,” ಎಂದಳು. ಎಂಥ ಅಕ್ಕ ಎನ್ನುವಂತೆ ಎಲ್ಲರೂ ಅವಳನ್ನೇ ನೋಡಿದರು. ಅಕ್ಕನ ಕಣ್ಣು ಬೇಡಿಕೊಳ್ಳುತ್ತಿತ್ತು. ಪುಟ್ಟಿಗೆ ಅದು ಕಾಣಲಿಲ್ಲವೆಂದಲ್ಲ, ಚೆನ್ನಾಗಿಯೇ ಕಂಡಿತು.

“ಬೇಡ ಅಕ್ಕ,” ಎಂದಳು ಮೆತ್ತಗೆ. “ಆ ವಾಸನೆಗೆ ನಂಗೆ ವಾಂತಿ ಬರತ್ತೆ.”

“ಅಯ್ಯೋ, ಹಾಗಾದ್ರೆ ಅಕ್ಕ ಹೇಳಿದ್ದು ನಿಜಾನೇ!” ಎಂದಳು ಸೋಡಾ.

“ನಿಜಾನೇ,” ಎಂದಳು ಪುಟ್ಟಿ.

ಅಕ್ಕ ಪಾತ್ರೆಯನ್ನು ಹಿಂದಕ್ಕೆ ಎಳೆದುಕೊಂಡು ಮುಚ್ಚಳ ಹಾಕಿದಳು. ಅದನ್ನು ನೋಡಿ ಪುಟ್ಟಿಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಆಪರೇಷನ್ ಆದಾಗಿನಿಂದ ಅವಳಿಗೆ ನಿಜವಾಗಿ ಹಸಿವೆನ್ನುವುದೇ ಆಗಿರಲಿಲ್ಲ. ಈಗ ಆಯಿತು, ಅದೂ ಆ ಮುಚ್ಚಿದ ಪಾತ್ರೆಯೊಳಗಿನದಕ್ಕೇ. ಅವಳು ಸೋಡಾಳ ಕಡೆ ತಿರುಗಿ, “ಇನ್ನೊಂದು ಚೂರು ಬೀನ್ಸ್ ಹಾಕು,” ಎಂದಳು.